ಒಳ ಅಂಚು ಸವೆದ ಟೈರು

ಮಾರ್ಚ್ ಹದಿನಾಲ್ಕರ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಟ್ಯಾಕ್ಸಿ ಚಾಲಕಿ ಗುಕ್ ಮಲ್‌ಸುನ್ ಒಡೆದ ಟೈರೊಂದನ್ನು ಉರುಳಿಸಿಕೊಂಡೇ ದಕ್ಷಿಣ ಕೊರಿಯಾದ ಸೊಕ್ಚೊ ಊರಿನ ಪೊಲೀಸ್ ಠಾಣೆಗೆ ಬಂದಳು. ಅದನ್ನು ಇನ್ಸ್‌ಪೆಕ್ಟರ್ ಪ್ಯೋ ಇನ್‌ಹೊನ ಮೇಜಿಗೆ ಒರಗಿಸಿದಳು.

"ನಾಲ್ಕು ತಿಂಗಳಲ್ಲಿ ಎರಡನೇ ಜೋಡಿ ಟೈರು ಸಾರ್. ಮೊನ್ನೆ ಘಾಟಿ ಇಳಿಯುವಾಗ ಒಡೀತು. ನನ್ನ ಗಾಡೀಲಿ ಡಯಾಲಿಸಿಸ್‌ಗೆ ಹೊರಟಿದ್ದ ಅಜ್ಜಿಯ ಭುಜದ ಮೂಳೆ ಮುರೀತು. ನಿಮ್ಮೋರು ನನ್ನ ಅಜಾಗರೂಕತೆ ಅಂತ ಬರೆದುಬಿಟ್ರು!"

"ಟೈರು ಹಾಕಿದ ಗ್ಯಾರೇಜಿನೋರು ಏನಂದ್ರು?"

"'ಅಕ್ಕಾ, ತಿರುವಲ್ಲಿ ಜೋರಾಗಿ ಹೊಡೀತೀರ' ಅಂದ್ರು."

ಪ್ಯೋ ಟೈರನ್ನು ಬೆರಳಿನಿಂದ ಸವರಿದ. ಹೊರ ಅಂಚು ಹೊಸದರಂತಿತ್ತು. ಒಳ ಅಂಚಿನಲ್ಲಿ ತಂತಿ ಕಿತ್ತು ಬಂದಿತ್ತು. ತಿರುವಿನಲ್ಲಿ ಜೋರಾಗಿ ಓಡಿಸಿದ್ದರೆ ಹೊರ ಅಂಚು ಸವೆಯಬೇಕಿತ್ತು. ಅವನಿಗೆ ಮೈ ಉರಿಯಿತು.

ಮಧ್ಯಾಹ್ನ ವಾಹನ ತಪಾಸಣಾ ಕೇಂದ್ರದಲ್ಲಿ ಟ್ಯಾಕ್ಸಿಯ ಚಕ್ರಗಳನ್ನು ಅಳೆದರು. ಮುಂದಿನ ಎರಡೂ ಬಾತುಕೋಳಿಯ ಪಾದದಂತೆ ಹೊರಕ್ಕೆ ತಿರುಗಿದ್ದವು; ಹಾಗಿದ್ದರೆ ಟೈರಿನ ಒಳ ಅಂಚೇ ಬೇಗ ಸವೆಯುತ್ತದೆ. ಅಪಘಾತದಲ್ಲಿ ಕೆಳಭಾಗ ಬಾಗಿರಲಿಲ್ಲ; ಚಕ್ರದ ನೇರ ಹೊಂದಿಸುವ ನಟ್ಟುಗಳ ಮೇಲೆ ಮಾತ್ರ ಸ್ಪ್ಯಾನರಿನ ಗೀರುಗಳಿದ್ದವು. ಸಂಜೆ ಎಫ್‌ಐಆರ್ ದಾಖಲಾಯಿತು.

ಹದಿನೆಂಟರಂದು ಕಾನ್‌ಸ್ಟೇಬಲ್ ಹ್ಯೋನ್ ಮಿರಾ ಮಫ್ತಿಯಲ್ಲಿ ತನ್ನ ಕಾರನ್ನು ಅದೇ ಗ್ಯಾರೇಜಿಗೆ ಒಯ್ದಳು. ಹೋಗುವ ಮುನ್ನ ಅಳೆಸಿದಾಗ ಚಕ್ರಗಳು ನೇರವಾಗಿದ್ದವು. ಆಯಿಲ್ ಬದಲಿಸಿ ಎಂದಷ್ಟೇ ಹೇಳಿದಳು. ಮರಳಿ ಅಳೆದಾಗ ಮುಂದಿನ ಎರಡೂ ಹೊರಕ್ಕೆ ತಿರುಗಿದ್ದವು. ಇಬ್ಬರು ಸಾಕ್ಷಿಗಳ ಎದುರು ಪಂಚನಾಮೆ ಆಯಿತು. ಆ ಗ್ಯಾರೇಜಿಗೆ ಹೋಗಿಬಂದ ಇನ್ನೂ ಏಳು ವಾಹನಗಳಲ್ಲಿ ಅದೇ ಸೊಟ್ಟ ಸಿಕ್ಕಿತು. ಅವುಗಳಲ್ಲೊಂದು ಶಿಶುವಿಹಾರದ ವ್ಯಾನು.

ಇಪ್ಪತ್ತರಂದು ಹನ್ನೊಂದು ಹತ್ತಕ್ಕೆ ಪ್ಯೋ ಗ್ಯಾರೇಜಿಗೆ ಹೋದ. ಆ ಎಲ್ಲ ಗಾಡಿಗಳ ಕೆಲಸ ಮಾಡಿದವನು ಹಿರಿಯ ಮೆಕ್ಯಾನಿಕ್ ಮೋ ದಲ್‌ಸಿಕ್.

"ನಟ್ಟು ತಿರುಗಿಸಿದ್ದು ನೀನೇನಾ?"

"ಅರ್ಧ ಸುತ್ತು ಅಷ್ಟೇ ಸಾರ್."

"ಅಷ್ಟೇನಾ? ಆ ಅರ್ಧ ಸುತ್ತನ್ನ ನಂಬ್ಕೊಂಡು ಹನ್ನೊಂದು ಮಕ್ಕಳು ದಿನಾ ಘಾಟಿ ಇಳೀತಿದ್ರು ಕಣಯ್ಯ! ಯಾಕೆ ಮಾಡ್ದೆ?"

ಮೋ ಕೈಯ ಗ್ರೀಸನ್ನು ಒರೆಸುತ್ತಲೇ ಇದ್ದ. "ತಿಂಗಳಲ್ಲಿ ಯಾರು ಕಮ್ಮಿ ಟೈರು ಮಾರ್ತಾರೋ ಅವ್ರು ಬೆಳಿಗ್ಗೆ ಎಲ್ರ ಮುಂದೆ ಬಗ್ಗಿ ಕ್ಷಮೆ ಕೇಳ್ಬೇಕು. ಯಜಮಾನರ ಕಟ್ಟಳೆ. ಎರಡು ಸಲ ಬಗ್ಗಿದೆ. ನನ್ನ ಅಳಿಯನೂ ಇಲ್ಲೇ ಕೆಲಸಕ್ಕಿದಾನೆ. ಅವನ ಎದುರು ಮೂರನೇ ಸಲ ಬಗ್ಗೋಕೆ ನನ್ ಕೈಲಿ ಆಗ್ಲಿಲ್ಲ."

ಯಜಮಾನ ಬೋಂಗ್ ಓಡಿಬಂದ. "ಇವ್ನು ಮಾಡಿದ್ದಕ್ಕೂ ನನಗೂ ಏನ್ ಸಂಬಂಧ?"

"ಠಾಣೇಲಿ ಹೇಳಿ. ನೀವೂ ಹತ್ತಿ ಜೀಪು."

ಬೇಡಿ ತೊಡಿಸುವಾಗ ಮೋ ತಗ್ಗಿದ ದನಿಯಲ್ಲಿ ಕೇಳಿದ: "ಹಿಂದಿನ ಬಾಗಿಲಿಂದ ಹೋಗ್ಬಹುದಾ ಸಾರ್?"

"ಟ್ಯಾಕ್ಸೀಲಿ ಭುಜ ಮುರಿದ ಅಜ್ಜಿಗೆ ತಪ್ಪಿಸ್ಕೊಳ್ಳೋಕೆ ಅಂಥ ಬಾಗಿಲು ಇತ್ತಾ?"

ಮುಂಬಾಗಿಲಿನಿಂದಲೇ ನಡೆಸಿದರು. ಸಾಲಾಗಿ ನಿಂತ ಕೆಲಸಗಾರರಲ್ಲಿ ಒಬ್ಬ ಯುವಕ ಮಾತ್ರ ಮಾವನ ಮುಖ ನೋಡಲಾಗದೆ ಗೋಡೆಯ ಕಡೆ ತಿರುಗಿಕೊಂಡ.