ಬೊಜ್ಜಪ್ಪನ ಹೊಸ ನೀರು

ಕೊನೆಯ ಕಲ್ಲನ್ನೂ ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿ, ನಲ್ಲಿಯ ಕೆಳಗೆ ಹಿಡಿದು ತೊಳೆದಳು ಚೂಟಿ. ಫಿಲ್ಟರಿನ ಸ್ಪಂಜನ್ನು ಹಿಂಡಿದಾಗ ಕಂದು ನೀರು ಇಳಿಯಿತು. ತಿಳಿನೀರು ಬರುವವರೆಗೂ ಹಿಂಡಿದಳು. ಆಮೇಲೆ ಗಾಜಿನ ತೊಟ್ಟಿಯನ್ನು ಒರೆಸಿ, ನಲ್ಲಿ ನೀರನ್ನು ಅಂಚಿನವರೆಗೆ ತುಂಬಿಸಿದಳು.

ಬಟ್ಟಲಲ್ಲಿ ಕಾಯುತ್ತಿದ್ದ ಬೊಜ್ಜಪ್ಪನನ್ನು ಮೆಲ್ಲಗೆ ಒಳಗೆ ಬಿಟ್ಟಳು. ಬೊಜ್ಜಪ್ಪ ಅಕ್ಕನ ಕಿತ್ತಳೆ ಬಣ್ಣದ ಮೀನು. ಹಾಸ್ಟೆಲಿಗೆ ಹೋಗುವಾಗ ಅಕ್ಕ, "ಇನ್ಮೇಲೆ ಇವನ ಜೀವ ನಿನ್ನ ಕೈಲಿದೆ. ವಾರಕ್ಕೊಂದ್ಸಲ ಕಾಲು ಭಾಗ ನೀರು ಬದಲಾಯಿಸು, ಸಾಕು" ಎಂದಿದ್ದಳು.

ನಾಳೆ ಅಕ್ಕ ಬರುತ್ತಾಳೆ. ಕಾಲು ಭಾಗವೇ ಒಳ್ಳೆಯದಾದರೆ ಪೂರ್ತಿ ಇನ್ನೂ ಒಳ್ಳೆಯದು ಎಂಬುದು ಚೂಟಿಯ ಲೆಕ್ಕ.

"ಅಮ್ಮಾ, ನೋಡು ಬಾ! ಗಾಜು ಇದ್ಯೋ ಇಲ್ವೋ ಗೊತ್ತೇ ಆಗಲ್ಲ!"

ಕಿಟಕಿಯ ಸರಳು ಒರೆಸುತ್ತಿದ್ದ ಅಮ್ಮ ತಿರುಗಿದಳು. "ಪರವಾಗಿಲ್ವೇ! ನನ್ನ ಮಗಳು ಅನ್ನಿಸ್ಕೊಂಡೆ."

ಅಮ್ಮ ಸುಲಭಕ್ಕೆ ಹೊಗಳುವವಳಲ್ಲ. ನೆಲದ ಮೇಲೆ ಒಂದು ಕೂದಲು ಕಂಡರೂ ಮನೆಯೆಲ್ಲ ಮತ್ತೆ ಗುಡಿಸುವವಳು. ಚೂಟಿ ಉಬ್ಬಿಹೋದಳು.

ಊಟ ಮುಗಿಸಿ ಬಂದಾಗ ಬೊಜ್ಜಪ್ಪ ನೀರಿನ ಮೇಲ್ಗಡೆ ಬಾಯಿ ಬಾಯಿ ಬಿಡುತ್ತಿದ್ದ. ಕಾಳು ಹಾಕಿದಳು. ತಿಂಡಿಪೋತ ತಿರುಗಿಯೂ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಪಕ್ಕಕ್ಕೆ ವಾಲತೊಡಗಿದ.

ಚೂಟಿ ಒಳಗೆ ಓಡಿದಳು. ಅಮ್ಮನ ಫೋನಿನಿಂದ ಅಕ್ಕನಿಗೆ ಕರೆ ಮಾಡಿದಳು.

"ಅಕ್ಕಾ... ಬೊಜ್ಜಪ್ಪ ಒಂಥರಾ ಆಡ್ತಿದಾನೆ. ಎಲ್ಲಾ ಕ್ಲೀನ್ ಮಾಡಿದೀನಿ, ಆದ್ರೂ..."

"ಎಲ್ಲಾ ಅಂದ್ರೆ?"

"ನೀರು. ಕಲ್ಲು. ಸ್ಪಂಜು. ಎಲ್ಲಾ."

"ಪೂರ್ತಿ ನೀರಾ? ನಲ್ಲೀದಾ? ಅಯ್ಯೋ ಪೆದ್ದಿ! ಅದರಲ್ಲಿ ಕ್ಲೋರಿನ್ ಇರತ್ತೆ, ಮೀನಿಗೆ ವಿಷ ಕಣೇ! ಡ್ರಮ್ಮಲ್ಲಿ ನಿನ್ನೆ ಹಿಡಿದಿಟ್ಟ ನೀರಿದ್ಯಾ?"

"ಇದೆ."

"ಅದರಲ್ಲಿ ಕ್ಲೋರಿನ್ ಹೋಗಿರತ್ತೆ. ಅದನ್ನ ಬಕೆಟ್‌ಗೆ ಹಾಕಿ ಅವನನ್ನ ಬಿಡು. ಬಟ್ಟೆ ಸೋಪಿನ ಬಕೆಟ್ ಬೇಡ, ಮತ್ತೆ! ಗಾಳಿ ಪೈಪೂ ಅದರಲ್ಲೇ ಇಡು. ಅಳೋದು ಆಮೇಲೆ, ಓಡು!"

ಬಕೆಟ್ಟಿನ ಪಕ್ಕ ಚೂಟಿ ಕುಕ್ಕರಗಾಲಲ್ಲಿ ಕೂತಳು. ಗುಳ್ಳೆಗಳು ಬುಳುಬುಳು ಏಳುತ್ತಿದ್ದವು. ಬೊಜ್ಜಪ್ಪ ಅಲುಗಲಿಲ್ಲ. ಕಾಲು ಜೋಮು ಹಿಡಿದರೂ ಅವಳು ಏಳಲಿಲ್ಲ. ಸಂಜೆಯ ಹೊತ್ತಿಗೆ ಅವನು ನೆಟ್ಟಗಾದ, ಬಾಲ ಬೀಸಿ ತಳಕ್ಕೆ ಇಳಿದ.

ಮತ್ತೆ ಅಕ್ಕನ ಫೋನ್ ಬಂತು. "ಬದುಕಿದಾನಾ?"

"ಓಡಾಡ್ತಿದಾನೆ. ಆದ್ರೆ ಅಕ್ಕಾ, ಸ್ಪಂಜು ತೊಳೆದದ್ದೂ ತಪ್ಪಾ? ಕೊಳೆ ಇದ್ರೇನೇ ಒಳ್ಳೇದಾ?"

"ಎಲ್ಲಾ ಕೊಳೆ ಅಲ್ಲ ಕಣೇ. ಆ ಸ್ಪಂಜಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಜೀವಿಗಳಿರ್ತವೆ. ನೀರನ್ನ ಚೆನ್ನಾಗಿಡೋದೇ ಅವು. ನೀನು ಅವನ ಮನೇನೇ ತೊಳೆದು ಚೆಲ್ಲಿದೀಯ."

ಫೋನ್ ಇಟ್ಟು ತಿರುಗಿದರೆ, ಅಮ್ಮ ಪೊರಕೆ, ಬಟ್ಟೆ, ದೊಡ್ಡ ಕಸದ ಚೀಲ ಹಿಡಿದು ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

"ನಾಳೆ ಬರೋಷ್ಟರಲ್ಲಿ ಲಕಲಕ ಅನ್ನಬೇಕು. ಎಷ್ಟು ಹಾಳುಮೂಳು ಗುಡ್ಡೆ ಹಾಕಿದಾಳೆ ನೋಡು!"

ಚೂಟಿ ಇಣುಕಿದಳು. ಮೇಜಿನ ಮೇಲೆ ಬಣ್ಣ ಒಣಗಿದ ಕುಂಚಗಳು, ಒಂಟಿ ಕಿವಿಯೋಲೆ, ತುದಿ ಮಡಚಿದ ಪುಸ್ತಕಗಳು. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದ, ಅರ್ಧಕ್ಕೆ ನಿಂತ ಒಂದು ಮರ.

"ಈ ರೂಮ್ ನಾನು ಮಾಡ್ತೀನಮ್ಮ. ನೀನು ಕೂತ್ಕೋ."

"ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೋ!" ಎನ್ನುತ್ತ ಅಮ್ಮ ಪೊರಕೆ ಕೊಟ್ಟಳು.

ಚೂಟಿ ಬಾಗಿಲು ಹಾಕಿಕೊಂಡಳು. ನೆಲ ಗುಡಿಸಿದಳು. ಕಿವಿಯೋಲೆಯನ್ನು ಎತ್ತಿ, ಅದರಡಿಯ ಧೂಳು ಒರೆಸಿ, ಮತ್ತೆ ಅದೇ ಜಾಗದಲ್ಲಿ ಇಟ್ಟಳು. ಮಡಚಿದ ಪುಟಗಳನ್ನು ಬಿಡಿಸಲಿಲ್ಲ. ಗೋಡೆಯ ಮರವನ್ನು ಮುಟ್ಟಲಿಲ್ಲ.

"ಎಲ್ಲಾ ಆಯ್ತೇನೇ?" ಹೊರಗಿನಿಂದ ಅಮ್ಮ ಕೇಳಿದಳು.

"ಆಯ್ತಮ್ಮ" ಎಂದಳು ಚೂಟಿ, ಹಿಡಿಯಷ್ಟು ಧೂಳು ಮಾತ್ರ ಇದ್ದ ಚೀಲದ ಬಾಯಿ ಕಟ್ಟುತ್ತ.