ಮೇನ್ ಸ್ವಿಚ್ ತೆಗೆದವನು

"ಯಾರ್ರೀ ಕರೆಂಟ್ ತೆಗೆದಿದ್ದು?!"

ನಾಲ್ಕು ಮಹಡಿಯ ಮೆಟ್ಟಿಲನ್ನು ಒಂದೇ ಉಸಿರಿಗೆ ಇಳಿದು ಬಂದಿದ್ದಳು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ. ಭಾನುವಾರ ಮಧ್ಯಾಹ್ನ. ಮೀಟರ್ ಬೋರ್ಡಿನ ಮುಂದೆ ಕಟ್ಟಡದ ಎಲೆಕ್ಟ್ರಿಷಿಯನ್ ನಿಂತಿದ್ದ.

"ನಾನೇ ತೆಗೆದೆ. ನಿಮ್ಮ ಮನೆ ಲೈನು..."

"ಹತ್ತೊಂಬತ್ತು ದಿನದ ಕೆಲಸ ಹಾಳು ಮಾಡಿದ್ರಲ್ರೀ! ಇನ್ನೊಂದು ಗಂಟೆ ಕಾಯೋಕೆ ನಿಮಗೇನಾಗಿತ್ತು?"

ಅವನು ಏನೋ ಹೇಳಲು ಹೊರಟ. ಅವಳು ಕೇಳಿಸಿಕೊಂಡರೆ ತಾನೇ!

ದಿನವಿಡೀ ಕಂಡವರಿಗೆಲ್ಲ ಕೃತಕ ಹಲ್ಲು ಮಾಡಿಕೊಡುವವಳು ಅವಳು. ಮನೆಯಲ್ಲಿ ಅಮ್ಮ. ಅಮ್ಮನ ಸ್ನಾಯುಗಳು ದಿನೇ ದಿನೇ ಸೋಲುತ್ತಿದ್ದವು. ಅಂಗಿಯ ಗುಂಡಿ ಕೂಡ ಮಗಳೇ ಹಾಕಬೇಕು. ಆ ಕಾಯಿಲೆಗೆ ಇನ್ನೂ ಮದ್ದಿಲ್ಲ. ಮದ್ದು ಹುಡುಕುವ ಸಂಶೋಧಕರು ತಮ್ಮ ಬೆಟ್ಟದಂಥ ಲೆಕ್ಕವನ್ನು ಚೂರು ಚೂರು ಮಾಡಿ ಸಾವಿರಾರು ಮನೆಗಳ ಕಂಪ್ಯೂಟರ್‌ಗಳಿಗೆ ಹಂಚುತ್ತಿದ್ದರು. ಅವಳ ಹಳೇ ಕಂಪ್ಯೂಟರ್ ಒಂದು ಚೂರು ಮುಗಿಸಲು ಹತ್ತೊಂಬತ್ತು ದಿನ ಬಿಡದೆ ಓಡಬೇಕಿತ್ತು. ನಡುವೆ ನಿಂತರೆ ಮತ್ತೆ ಸೊನ್ನೆಯಿಂದ.

'ನೀನು ಈ ಬಿಲ್ಡಿಂಗಲ್ಲಿ ಹೇಗೆ ಕೆಲಸ ಮಾಡ್ತೀಯೋ ನೋಡೇಬಿಡ್ತೀನಿ!'

ಅಂದುಕೊಂಡ ಹಾಗೇ ಮಾಡಿದಳು. ಮರುದಿನ ಅವನು ಬಾಗಿಲು ತಟ್ಟಿದರೆ ಮುಖಕ್ಕೇ ಬಾಗಿಲು ಹಾಕಿದಳು. ಕಟ್ಟಡದ ಮಾಲೀಕರಿಗೆ ದೂರಿನ ಮೇಲೆ ದೂರು. ತಿಂಗಳು ತುಂಬುವುದರೊಳಗೆ ಅವರು ರೋಸಿಹೋಗಿ ಅವನನ್ನು ಕೆಲಸದಿಂದ ಬಿಡಿಸಿದರು. ಅವನು ಅವಳನ್ನೊಮ್ಮೆ ನೋಡಿ, ಏಣಿ ಹೆಗಲಿಗೇರಿಸಿ ಹೊರಟ.

ಆ ನೋಟ... ಎದೆಯಲ್ಲಿ ಚುಳ್ಳೆಂದಿತು.

'ಥೂ! ಅವನ ಮೇಲೆ ಕನಿಕರಾನಾ? ಸಾಧ್ಯವೇ ಇಲ್ಲ!'

ಅಷ್ಟಕ್ಕೂ ಸೇಡು ತೀರಿರಲಿಲ್ಲ. ಬೀದಿ ಕೊನೆಯಲ್ಲಿ ಅವನಿಗೊಂದು ರಿಪೇರಿ ಅಂಗಡಿಯಿದೆ, ಅಲ್ಲೂ ಒಂದು ಕಂಪ್ಯೂಟರ್ ಇದೆ, ಅದನ್ನವನು ಆಫೇ ಮಾಡುವುದಿಲ್ಲ ಎಂದು ವಾಚ್‌ಮನ್ ಬಾಯಿಬಿಟ್ಟಾಗ ಅವಳ ಕಣ್ಣು ಮಿಂಚಿತು.

ಶನಿವಾರ ಬೆಳಿಗ್ಗೆ ಅಂಗಡಿಗೆ ನುಗ್ಗಿದಳು. ಅವನು ಹೊರಗೆ ಏಣಿ ಹತ್ತಿ ದೀಪ ಸಿಕ್ಕಿಸುತ್ತಿದ್ದ. ನೇರವಾಗಿ ಹೋಗಿ ಕಂಪ್ಯೂಟರಿನ ಸ್ವಿಚ್ಚಿನ ಮೇಲೆ ಬೆರಳಿಟ್ಟಳು.

'ನೀನೂ ಅನುಭವಿಸು!'

ಆಗ ಪರದೆ ಕಣ್ಣಿಗೆ ಬಿತ್ತು. ಅದರ ಮೇಲೆ ಅಮ್ಮನ ಕಾಯಿಲೆಯ ಹೆಸರು! ಅದೇ ಸಂಶೋಧನೆ, ಅದೇ ಲೆಕ್ಕ...

"ಹದಿನಾರನೇ ದಿನ ಇವತ್ತು," ಹಿಂದಿನಿಂದ ದನಿ. "ಆಫ್ ಮಾಡಬೇಕಾ? ಮಾಡಿ. ನಾನು ಮತ್ತೆ ಶುರು ಮಾಡ್ತೀನಿ."

"ನಿಮಗೆ... ಇದು ಹೇಗೆ ಗೊತ್ತು?"

"ನಿಮ್ಮಮ್ಮನೇ ಹೇಳಿಕೊಟ್ರು."

ಅವನು ಡ್ರಾಯರ್ ಎಳೆದು ಕರಕಲಾದ ವೈರಿನ ತುಂಡೊಂದನ್ನು ಮೇಜಿನ ಮೇಲಿಟ್ಟ.

"ಅವರ ಮಂಚದ ಹಿಂದಿನ ಗೋಡೆಯಲ್ಲಿತ್ತು. ನಿಮ್ಮ ಕಂಪ್ಯೂಟರ್‌ಗೆ ಹೋಗೋ ಲೈನು. ಹಳೇ ವೈರು, ತಡ್ಕೊಳ್ಳಲಿಲ್ಲ. ಆವತ್ತು ಬೋರ್ಡಲ್ಲಿ ನಿಮ್ಮ ಲೈನಿನ ಹತ್ರ ಸುಟ್ಟ ವಾಸನೆ ಬಂತು. ಕಾಯ್ತಾ ಕೂತಿದ್ರೆ ಬೆಂಕಿ ಹತ್ಕೊಳ್ತಿತ್ತು. ಮರುದಿನ ನೀವು ಲ್ಯಾಬಿಗೆ ಹೋದ ಮೇಲೆ ನಿಮ್ಮಮ್ಮನನ್ನ ಕೇಳಿ ಒಳಗೆ ಬಂದು ಬದಲಾಯಿಸಿದೆ."

ಅವಳು ಇನ್ನೊಂದು ಕೈಯಲ್ಲಿ ಆ ತುಂಡನ್ನು ಎತ್ತಿಕೊಂಡಳು.

"ಯಾಕ್ರೀ ಹೇಳಲಿಲ್ಲ?!"

"ಹೇಳೋಕೆ ಬಿಟ್ರಾ ನೀವು? ಆಮೇಲೆ ನಿಮಗೆ ಹೇಳಬಾರದು ಅಂತ ನಿಮ್ಮಮ್ಮ ನನ್ನ ಹತ್ರ ಮಾತು ತಗೊಂಡ್ರು. 'ತನ್ನಿಂದಲೇ ನನ್ನ ಜೀವಕ್ಕೆ ಕುತ್ತು ಬರ್ತಿತ್ತು ಅಂತ ಗೊತ್ತಾದ್ರೆ ಅವಳು ಆ ಕಂಪ್ಯೂಟರ್ ಮತ್ತೆ ಮುಟ್ಟಲ್ಲ ಕಣಪ್ಪ. ಅವಳು ಜೀವ ಹಿಡ್ಕೊಂಡಿರೋದೇ ಆ ಆಸೆ ಮೇಲೆ. ಬೈದ್ರೆ ಬೈಸ್ಕೋ' ಅಂದ್ರು."

"ಕೆಲಸ ಹೋದಾಗ್ಲಾದ್ರೂ..."

"ಬೈಯೋ ನೆಪದಲ್ಲಾದ್ರೂ ದಿನಾ ನನ್ನ ನೆನೆಸ್ಕೊಳ್ತೀರಲ್ಲ ಅಂತ... ಸುಮ್ಮನಿದ್ದೆ."

ಅವಳ ಬೆರಳು ಸ್ವಿಚ್ಚಿನಿಂದ ತಾನಾಗಿ ಜಾರಿತು. ಅಳು ಒತ್ತರಿಸಿ ಬಂತು. ಎಷ್ಟು ಹೊತ್ತು ಅತ್ತಳೋ! ಅವನು ಸ್ಟೂಲು ಸರಿಸಿ ಕೊಟ್ಟು, ಪಕ್ಕದಲ್ಲೇ ನಿಂತ.

"ಮಾಲೀಕರ ಹತ್ರ ನಾನೇ ಹೋಗಿ ತಪ್ಪಾಯ್ತು ಅಂತೀನಿ," ಮೂಗು ಒರೆಸಿಕೊಂಡಳು. "ಆದ್ರೆ ಅಮ್ಮನಿಗೆ ಮಾತ್ರ ಗೊತ್ತಾಗಬಾರದು... ನನಗೆ ಗೊತ್ತಾಯ್ತು ಅಂತ. ಅವಳು ನನಗೋಸ್ಕರ ಮುಚ್ಚಿಟ್ಟಿದ್ದು, ಮುಚ್ಚೇ ಇರಲಿ."

"ಸರಿ. ಅದಕ್ಕೇನು ಮಾಡಬೇಕು?"

"ಅವಳ ಮುಂದೆ ನಿಮ್ಮನ್ನ ಬೈತಾನೇ ಇರ್ತೀನಿ."

"ಎಷ್ಟು ದಿನ?"

ಅವಳು ಅವನ ಕೈ ಹಿಡಿದಳು, ಉಗುರು ನಾಟುವಷ್ಟು ಗಟ್ಟಿಯಾಗಿ.

"ನಾನು ಸೇಡು ಬಿಡೋಳಲ್ಲ. ಬದುಕಿರೋವರೆಗೂ... ಆಗುತ್ತಾ?"

"ಬೈಸ್ಕೊಳ್ಳೋಕೆ ನಾಳೆಯಿಂದಲೇ ಬರ್ಲಾ?" ಎಂದ ಅವನು.