ನಾಲ್ಕು ಲಕ್ಷ ಬಾಯಿ, ಒಂದು ಮಾತು

ಗೋಡೆಯ ತುಂಬ ದೀಪಗಳು ಹತ್ತಿಕೊಂಡವು. ಒಂದೆರಡಲ್ಲ, ನಾಲ್ಕು ಲಕ್ಷ. ೨೦೫೯ರ ಆ ಮುಂಜಾನೆ ಬಾಗಲಕೋಟೆಯ ಆಸ್ಪತ್ರೆಯೊಂದರ ಸಲಹಾ ಕೋಣೆಯಲ್ಲಿ ನಿಂತಿದ್ದ ಕಸ್ತೂರಿ, ಅರವತ್ತೆರಡರ ನಿವೃತ್ತ ಶಿಕ್ಷಕಿ, ಬಾಯಿ ತೆರೆದು ನೋಡಿದಳು.

"ಆ ಎಲಿ ರಸ ಕುಡಿದ್ರ ಕಾಮಣಿ ಹೋಗ್ತದ ಅಂತ ನೆಟ್‌ನ್ಯಾಗ ಹೇಳಿದವ್ರೆಲ್ಲ ಇಲ್ಲಿ ಅದಾರ ನೋಡ್ರಿ ಅಕ್ಕಾರ," ಎಂದರು ಡಾ. ಮಿನಾಜ್ ನದಾಫ್. ಆ ದೀಪಗಳನ್ನು ಹೊತ್ತಿಸಿದ, ಮೂಲದರ್ಶಕ ಎಂಬ ಯಂತ್ರವನ್ನು ಕಟ್ಟಿದ ವಿಜ್ಞಾನಿ ಅವರೇ. "ಒಂದ್ ದೀಪಕ್ಕ ಒಬ್ರು."

"ಮತ್ತ? ಇಷ್ಟು ಮಂದಿ ಸುಳ್ಳ ಹೇಳ್ತಾರೇನ್ರಿ?" ಕಸ್ತೂರಿಯದು ಗೆದ್ದವರ ದನಿ.

ಅವಳ ಗಂಡ ಮಹಾಂತೇಶ ಪಕ್ಕದ ವಾರ್ಡಿನಲ್ಲಿ ಕಾಮಾಲೆಯಿಂದ ಅರಿಸಿನದ ಹಾಗೆ ಹಳದಿಯಾಗಿ ಮಲಗಿದ್ದ. ಪಿತ್ತನಾಳ ಕಟ್ಟಿಕೊಂಡಿದೆ, ಇವತ್ತೇ ಶಸ್ತ್ರಚಿಕಿತ್ಸೆ ಆಗದಿದ್ದರೆ ಜೀವ ಉಳಿಯುವುದು ಕಷ್ಟ ಎಂದು ವೈದ್ಯರು ಹೇಳಿಯಾಗಿತ್ತು. ಆತ ಮಾತ್ರ "ಕಸ್ತೂರಿ ಹೆಂಗ ಹೇಳ್ತಾಳ ಹಂಗ" ಎಂದು ಭಾರವನ್ನೆಲ್ಲ ಹೆಂಡತಿಯ ಮೇಲೆ ಹಾಕಿ ಕಣ್ಣು ಮುಚ್ಚಿದ್ದ. ಮನೆಗೆ ಕರೆದೊಯ್ದು ಎಲೆ ರಸ ಕುಡಿಸುತ್ತೇನೆಂಬುದು ಅವಳ ಹಟ. ಅವಳ ಅತ್ತೆ ನಾಗವ್ವ ಹಿತ್ತಲಲ್ಲಿ ಬೆಳೆಸಿ, ಹಿಂದೆ ಮಾವನಿಗೂ ಕೊಟ್ಟಿದ್ದ ಎಲೆ ಅದು.

"ಈಗ ಯಾರು ಯಾರ ಕಡಿಂದ ಮಾತು ತಗೊಂಡ್ರು ಅಂತ ನೋಡೂಣು," ಎಂದರು ಮಿನಾಜ್.

"ಅದು ಹೆಂಗ ಗೊತ್ತಾಗ್ತದ?"

"ಪರೀಕ್ಷಾದಾಗ ಕಾಪಿ ಹೊಡದವ್ರನ್ನ ನೀವು ಹೆಂಗ ಹಿಡೀತಿದ್ರಿ?"

"ಇಬ್ರೂ ಒಂದ ತಪ್ಪು ಮಾಡಿದ್ರ ಸಿಕ್ಕಿಬೀಳ್ತಿದ್ರು."

"ಇದೂ ಅದನ್ನ ಮಾಡ್ತದ್ರಿ."

ಮಾತನ್ನು ದಾಟಿಸುವಾಗ ಒಬ್ಬೊಬ್ಬರೂ ಏನನ್ನೋ ಬಿಡುತ್ತಾರೆ, ಏನನ್ನೋ ಸೇರಿಸುತ್ತಾರೆ. ಆ ಗುರುತು ಮುಂದಿನ ನಕಲುಗಳಿಗೆಲ್ಲ ಇಳಿದು ಬರುತ್ತದೆ. ಲಕ್ಷಗಟ್ಟಲೆ ನಕಲುಗಳನ್ನು ಹೋಲಿಸಿ ಯಂತ್ರ ಒಂದೊಂದರ ತಾಯಿಯನ್ನೂ ಹುಡುಕುತ್ತದೆ.

ಮಿನಾಜ್ ಬೆರಳಾಡಿಸಿದರು. ಪ್ರತಿ ದೀಪವೂ ತನಗೆ ಮಾತು ಕೊಟ್ಟ ದೀಪದೊಳಗೆ ಹೋಗಿ ಸೇರತೊಡಗಿತು. ಲಕ್ಷ ಸಾವಿರವಾಯಿತು, ಸಾವಿರ ನೂರಾಯಿತು. ವೀಡಿಯೊ ಮಾಡಿದ ಪಂಡಿತರು, ಅದನ್ನು ಅಚ್ಚು ಹಾಕಿದ ಪತ್ರಿಕೆಗಳು, "ನನಗೂ ಗುಣವಾಯಿತು" ಎಂದವರು, ಎಲ್ಲರೂ ಒಬ್ಬರೊಳಗೊಬ್ಬರು ಕರಗಿದರು. ಕಸ್ತೂರಿಗೆ ಮೈ ಜುಮ್ಮೆಂದಿತು. ಜನ್ಮದಲ್ಲಿ ಅವಳು ಇಂಥದ್ದನ್ನು ಕಂಡಿರಲಿಲ್ಲ. ಕೊನೆಗೆ ಬೋಳು ಗೋಡೆಯ ನಡುವೆ ಒಂದೇ ದೀಪ ಉಳಿಯಿತು.

"ನಾಕ್ ಲಕ್ಷ ಬಾಯಿ, ಸಾಕ್ಷಿ ಒಂದ," ಎಂದು ಮಿನಾಜ್ ಅದನ್ನು ಬಿಡಿಸಿ ತೋರಿಸಿದರು.

೨೦೨೬. ಬಳಗದವರ ಮೊಬೈಲ್ ಗುಂಪು. 'ನಮ್ಮ ಅತ್ತೆಯವರ ಎಲೆ ರಸದಿಂದ ಮಾವನವರ ಕಾಮಾಲೆ ಹತ್ತೇ ದಿನಕ್ಕೆ ಮಾಯ!' ಕೆಳಗೆ ಹೆಸರು: ಕಸ್ತೂರಿ.

ಆ ಹೆಸರು ಅವಳದೇ. ಮದುವೆಯಾದ ಹೊಸತು ಅದು. ಮುಖ ಕೊಟ್ಟು ಮಾತಾಡದ ನಾಗವ್ವನನ್ನು ಒಲಿಸಿಕೊಳ್ಳಲೆಂದು ಬರೆದದ್ದು. ಆ ಹತ್ತು ದಿನಗಳಲ್ಲಿ ಎಂಟು ದಿನ ಮಾವ ಆಸ್ಪತ್ರೆಯಲ್ಲಿದ್ದರು. ದಿನಾ ಬುತ್ತಿ ಒಯ್ದವಳು ಇವಳೇ. ಅತ್ತೆಗೆ ಹೆಸರು ಬರಲಿ ಎಂದು ಆಸ್ಪತ್ರೆಯ ಮಾತನ್ನು ಬಿಟ್ಟಿದ್ದಳು. ಆಮೇಲೆ ಅದೇ ಸಂಗತಿಯನ್ನು ಊರೂರಿನವರು ಹೇಳತೊಡಗಿದಾಗ, ಎಲೆಯೇ ಗುಣಮಾಡಿರಬೇಕೆಂದು ಅವಳಿಗೂ ಅನಿಸಿಬಿಟ್ಟಿತು. ತಾನು ಆಡಿದ್ದನ್ನೇ ಲಕ್ಷ ಜನರ ಬಾಯಲ್ಲಿ ಕೇಳಿ ತಾನೇ ನಂಬಿದ್ದಳು.

"ಸಹಿ ಎಲ್ಲಿ ಮಾಡ್ಬೇಕ್ರಿ?" ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಅವಳು ಕೈ ಚಾಚಿದಳು.

ಮಧ್ಯಾಹ್ನ ವೈದ್ಯರು ಹೊರಬಂದು, ಜೀವಕ್ಕೇನೂ ಭಯವಿಲ್ಲ ಎಂದರು. ಕಸ್ತೂರಿ ಗೋಡೆಗೊರಗಿ ಅತ್ತಳು. ಆಮೇಲೆ ಮುಖ ತೊಳೆದು ಮತ್ತೆ ಸಲಹಾ ಕೋಣೆಗೆ ಹೋದಳು.

"ಡಾಕ್ಟರ, ನನ್ನ ಮಾತು ನಂಬಿ ದವಾಖಾನಿ ಬಿಟ್ಟವ್ರು ಎಷ್ಟು ಮಂದಿ?"

"ಅದು ಈ ಯಂತ್ರಕ್ಕ ಗೊತ್ತಾಗೂದಿಲ್ರಿ. ಯಾರು ಹೇಳಿದ್ರು ಅನ್ನೂದಷ್ಟ ತೋರಸ್ತದ."

ಕಸ್ತೂರಿ ಬೋಳು ಗೋಡೆಯ ಕಡೆ ತಿರುಗಿದಳು. "ನಾ ಅದನ್ನ ಬರದ ದಿನಾ ತೋರಸ್ರಿ," ಎಂದಳು.

ಮೊದಲ ದೀಪ ಹತ್ತಿತು. ಎರಡನೆಯದು, ಎಂದರೆ ಆ ಮಾತನ್ನು ಮೊದಲು ಮುಂದೆ ಕಳಿಸಿದವರದು, ಹತ್ತಲು ಹನ್ನೊಂದು ನಿಮಿಷ ಹಿಡಿದಿತ್ತು. ಆ ಹನ್ನೊಂದು ನಿಮಿಷಗಳಲ್ಲಿ ಒಬ್ಬರಾದರೂ, "ಅಲ್ಲವ್ವಾ, ಮಾವಾರು ದವಾಖಾನ್ಯಾಗ ಇದ್ರಲ್ಲ?" ಎಂದು ಕೇಳಿದ್ದರೆ ಅವಳು ಇದ್ದದ್ದನ್ನು ಇದ್ದಂತೆ ಹೇಳಿಬಿಡುತ್ತಿದ್ದಳು. ಗುಂಪಿನಲ್ಲಿ ನಲವತ್ತೆರಡು ಜನರಿದ್ದರು. ಹಣ್ಣು ಹಿಡಿದು ಮಾವನನ್ನು ನೋಡಲು ಆಸ್ಪತ್ರೆಗೇ ಬಂದುಹೋದವರು ಅವರಲ್ಲಿ ಹತ್ತು ಮಂದಿ. ಎಲ್ಲರೂ ಕೈಮುಗಿದ ಚಿತ್ರ ಒತ್ತಿ ಸುಮ್ಮನಾಗಿದ್ದರು.